ಐದು ಮನೆಯಿಂದ ನಾಲ್ಕು ಮನೆಗೆ: ಹಿರಿಯ ಭಾವಗೀತೆ ಗಾಯಕಿಯೊಬ್ಬರ ಮರುಧ್ವನಿಮುದ್ರಣ

ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮದುವೆಯಾದ ಮೇಲೆ ಮೈಸೂರಿನ ಸರಸ್ವತಿಪುರಂನಲ್ಲಿ ನೆಲೆಸಿದ ಸುಗಮ ಸಂಗೀತ ಗಾಯಕಿಯೊಬ್ಬರು ಎಂಬತ್ತರ ದಶಕದ ನಡುವಿನಲ್ಲಿ ಎಂಟು ಭಾವಗೀತೆಗಳ ಧ್ವನಿಸುರುಳಿಯೊಂದನ್ನು ಹಾಡಿದ್ದರು. ಅದು ಹಳೆ ಮೈಸೂರು ಭಾಗದಲ್ಲಿ ಬಹಳ ಕಾಲ ಮನೆಮಾತಾಗಿತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ಅವೇ ಹಾಡುಗಳನ್ನು ಮತ್ತೆ ಹಾಡಿ ಹೊಸ ಆಲ್ಬಮ್ ತರಲು ಹೊರಟರು. ಅಭ್ಯಾಸದಿಂದ ಬಿಡುಗಡೆಯವರೆಗೆ ಅದರ ಸಂಯೋಜನೆಯ ಹೊಣೆ ನನ್ನದಾಗಿತ್ತು. ಗಾಯಕಿಯ ಇಚ್ಛೆಯಂತೆ ಅವರ ಹೆಸರನ್ನೂ ಧ್ವನಿಸುರುಳಿಯ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ಹಿರಿಯ ಕಲಾವಿದರೊಬ್ಬರು ತಮ್ಮದೇ ಹಳೆಯ ಯಶಸ್ಸಿನ ಬಳಿಗೆ ಮರಳಿದಾಗ ಯಾವ ನಿರ್ಧಾರ ಮೊದಲು ಆಗಬೇಕು, ಯಾವುದು ಆಮೇಲೆ ಎಂಬ ಪ್ರಶ್ನೆಗೆ ಈ ಪ್ರಕರಣ ನನಗೆ ಸ್ಪಷ್ಟವಾದ ಉತ್ತರ ಕೊಟ್ಟಿತು. ಶ್ರುತಿ ಎಂದರೆ ಹಾಡಿಗೆ ಆಧಾರವಾದ ಷಡ್ಜದ ಎತ್ತರ, ಅದನ್ನು ನಾವು ಹಾರ್ಮೋನಿಯಂನ ‘ಮನೆ’ಗಳಲ್ಲಿ ಎಣಿಸುತ್ತೇವೆ. ಇಂದಿನ ಕಂಠಕ್ಕೆ ಹೊಂದುವ ಶ್ರುತಿಯನ್ನು ಮೊದಲು ಗೊತ್ತುಮಾಡಿ, ವಾದ್ಯಗಳನ್ನೂ ಲಯವನ್ನೂ ಅದಕ್ಕೆ ಹೊಂದಿಸಿಕೊಂಡ ಹಾಡುಗಳು ನಿಂತವು. ಹಳೆಯ ಧ್ವನಿಯನ್ನು ಮತ್ತೆ ಕಟ್ಟಲು ಹೋದ ಹಾಡುಗಳು ಸೋತವು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ಭಾವಗೀತೆ ಬೆಳೆದದ್ದು ಬಹುಮಟ್ಟಿಗೆ ರೇಡಿಯೊ ಸ್ಟುಡಿಯೊದೊಳಗೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರವಿದ್ದ ಊರಿದು. ಆಕಾಶವಾಣಿಯ ಆಡಿಷನ್ ಪಾಸಾಗಿ, ಅಲ್ಲಿನ ಕಲಾವಿದರ ದರ್ಜೆಯಲ್ಲಿ ಬಿ ಗ್ರೇಡಿನಿಂದ ಬಿ-ಹೈಗೆ ಏರಿ, ಮೈಕಿನ ಮುಂದೆ ನಾಲ್ಕೈದು ನಿಮಿಷದಲ್ಲಿ ಕವಿತೆಯೊಂದನ್ನು ಅಕ್ಷರ ಕೆಡದಂತೆ ಹಾಡಿ ಮುಗಿಸುವುದನ್ನು ಕಲಿತ ಪೀಳಿಗೆಗೆ ಈ ಗಾಯಕಿ ಸೇರಿದವರು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಿದ ಧ್ವನಿಸುರುಳಿ 1978ರಲ್ಲಿ ಬಂದು ಮನೆಮನೆ ತಲುಪಿದ ಮೇಲೆ, ರೇಡಿಯೊದಲ್ಲಿ ಹೆಸರಾದವರನ್ನು ಕ್ಯಾಸೆಟ್ ಕಂಪನಿಗಳು ಹುಡುಕಿಕೊಂಡು ಬರತೊಡಗಿದವು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಎ ಬದಿಯಲ್ಲಿ ನಾಲ್ಕು ಹಾಡು, ಬಿ ಬದಿಯಲ್ಲಿ ನಾಲ್ಕು. ಮೊದಲ ಹಾಡು ಹಿಡಿಯಬೇಕು, ಎ ಬದಿಯ ಕೊನೆಯದು ತಿರುಗಿಸಿ ಹಾಕುವಂತೆ ಮಾಡಬೇಕು. ಹಾಡುಗಳ ಕ್ರಮವನ್ನು ಈ ಲೆಕ್ಕವೇ ಗೊತ್ತುಮಾಡುತ್ತಿತ್ತು. ಗಾಯಕಿಗೆ ಒಂದೇ ಕಂತಿನಲ್ಲಿ ಸಂಭಾವನೆ ಸಂದಿತು, ಒಂದು ಸಹಿಯಾಯಿತು, ವ್ಯವಹಾರ ಅಲ್ಲಿಗೆ ಮುಗಿಯಿತು. ಹಾಡುವವರಿಗೂ ಒಂದು ಹಕ್ಕಿದೆ ಎಂಬ ಮಾತು ನಮ್ಮ ಕೃತಿಸ್ವಾಮ್ಯ ಕಾಯ್ದೆಯೊಳಗೆ ಬಂದದ್ದೇ 1994ರ ತಿದ್ದುಪಡಿಯಲ್ಲಿ.

ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಅವರು ಪಾಠ ಹೇಳಿದರು, ನವೆಂಬರ್ ಬಂದರೆ ರಾಜ್ಯೋತ್ಸವದ ವೇದಿಕೆಗಳಲ್ಲಿ, ದಸರಾ ಬಂದರೆ ಒಂದೆರಡು ಕಡೆ ಹಾಡಿದರು. ಹೊಸ ಧ್ವನಿಮುದ್ರಣ ಮಾತ್ರ ಆಗಲಿಲ್ಲ. ಮತ್ತೆ ಹಾಡುವ ಯೋಚನೆಯನ್ನು ತಂದವನು ಅವರ ಹಳೆಯ ಶಿಷ್ಯ. ಈಗ ವಾದ್ಯ ಸಂಯೋಜಕನಾಗಿ ದುಡಿಯುತ್ತಿರುವ, ಐವತ್ತರ ಆಸುಪಾಸಿನ ಮನುಷ್ಯ. ಅವನ ಮನಸ್ಸಿನಲ್ಲಿದ್ದದ್ದು ಹಳೆಯ ಆಲ್ಬಮ್ಮನ್ನು ಹೊಸ ತಂತ್ರಜ್ಞಾನದಲ್ಲಿ ಹಾಗೆಯೇ ಮರುಸೃಷ್ಟಿಸುವುದು: ಅದೇ ಶ್ರುತಿ, ಅದೇ ಮ್ಯಾಂಡೊಲಿನ್, ಅದೇ ಕೋರಸ್. ಗಾಯಕಿಗೂ ಮೊದಲಿಗೆ ಇದರಲ್ಲಿ ತಕರಾರಿರಲಿಲ್ಲ. ‘ಜನ ಕೇಳೋದು ಅದನ್ನೇ ಅಲ್ವೇನಪ್ಪ’ ಎಂದು ಒಪ್ಪಿಕೊಂಡರು.

ತೊಡಕು ಎದುರಾದದ್ದು ಮೊದಲ ಅಭ್ಯಾಸದಲ್ಲಿಯೇ. ಹಳೆಯ ಕ್ಯಾಸೆಟ್ಟಿನ ಜೊತೆ ಶ್ರುತಿಪೆಟ್ಟಿಗೆ ಹೊಂದಿಸಿದರೆ ಅದು ಐದು ಮನೆಗೂ ಐದೂವರೆ ಮನೆಗೂ, ಅಂದರೆ ಐದನೆಯ ಬಿಳಿ ಮನೆಗೂ ಅದರ ಪಕ್ಕದ ಕರಿ ಮನೆಗೂ, ನಡುವೆ ನಿಲ್ಲುತ್ತಿತ್ತು. ಐದೂವರೆಗೇ ಇಟ್ಟು ಹಾಡಲು ನೋಡಿದರು. ಪಲ್ಲವಿ ಹೇಗೋ ನಡೆಯಿತು. ಚರಣದಲ್ಲಿ ಸಾಲು ತಾರಸ್ಥಾಯಿಯ ಪಂಚಮ (ಮೇಲಿನ ಸಪ್ತಕದ ‘ಪ’) ಮುಟ್ಟುವ ಕಡೆ ಧ್ವನಿ ತೆಳುವಾಗಿ ಸೀಳಿತು. ಕಂಠವೇನೂ ಕೆಟ್ಟಿರಲಿಲ್ಲ, ಜಾಗ ಬದಲಾಗಿತ್ತು ಅಷ್ಟೆ. ಋತುಬಂಧದ ನಂತರ ಹಾರ್ಮೋನುಗಳ ಬದಲಾವಣೆಯಿಂದ ಹೆಂಗಸರ ಧ್ವನಿತಂತುಗಳು ದಪ್ಪವಾಗಿ ಸ್ವರ ಕೆಳಗಿಳಿಯುವುದು, ವಯಸ್ಸಾದಂತೆ ಶ್ವಾಸಕೋಶದ ಹಿಡಿತ ಕುಗ್ಗಿ ಉದ್ದನೆಯ ಸಾಲಿಗೆ ಉಸಿರು ಸಾಲದಿರುವುದು, ತಂತುಗಳ ನಮ್ಯತೆ ಇಳಿದು ವೇಗದ ಸಂಗತಿಗಳು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಸ್ವರವಿನ್ಯಾಸಗಳು) ಒರಟಾಗುವುದು ಎಲ್ಲರಿಗೂ ಆಗುವಂಥವು. ಅಭ್ಯಾಸ ಬಿಡದವರಲ್ಲಿ ಸ್ವಲ್ಪ ತಡವಾಗಿ ಆಗುತ್ತವೆ. ಇದಕ್ಕೆ ಪ್ರತಿಯಾಗಿ ಕೆಳಗಿನ ಸ್ವರಗಳಿಗೆ ಒಂದು ತೂಕ ಬರುತ್ತದೆ. ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಪಂಚಮದಲ್ಲಿ ಈ ಗಾಯಕಿಗೆ ಮೂವತ್ತರ ವಯಸ್ಸಿನಲ್ಲಿ ಇಲ್ಲದಿದ್ದ ದುಂಡುತನ ಈಗ ಇತ್ತು. ಅದನ್ನು ಬಳಸಿಕೊಳ್ಳಲು ಹಳೆಯ ಶ್ರುತಿಯಲ್ಲಿ ಅವಕಾಶವೇ ಇರಲಿಲ್ಲ.

ಇಲ್ಲಿ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಇಡೀ ಪ್ರಕರಣದಲ್ಲಿ ನನಗೆ ಅತಿ ಕುತೂಹಲಕರವೆನಿಸಿದ್ದು ಇದೇ. ಗಾಯಕಿಯ ಬಳಿ ಧ್ವನಿಮುದ್ರಣದ ಕಾಲದ ನೋಟ್ ಪುಸ್ತಕ ಉಳಿದಿತ್ತು. ಹಸಿರು ಶಾಯಿಯಲ್ಲಿ ಸಾಹಿತ್ಯ, ಅದರ ಮೇಲೆ ಸ್ವರ, ಪುಟದ ಮೂಲೆಯಲ್ಲಿ ‘ಶ್ರುತಿ 5’ ಎಂಬ ಬರಹ. ಎಂಟು ಹಾಡಿಗೂ ಹೆಚ್ಚುಕಡಿಮೆ ಹಾಗೆಯೇ. ಕ್ಯಾಸೆಟ್ಟು ಮಾತ್ರ ಅದಕ್ಕಿಂತ ಮೇಲೆ ಕೇಳುತ್ತಿತ್ತು. ನಮ್ಮ ಟೇಪ್ ರೆಕಾರ್ಡರಿನದೇ ದೋಷವಿರಬಹುದೆಂದು ಇನ್ನೊಂದರಲ್ಲಿ, ಮತ್ತೊಂದು ಪ್ರತಿಯೊಂದಿಗೆ ನೋಡಿದೆವು, ವ್ಯತ್ಯಾಸ ಹೋಗಲಿಲ್ಲ. ರೆಕಾರ್ಡಿಂಗಿನಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಸೇರಿಕೊಂಡಿದ್ದರೆ ಅದನ್ನು ಐವತ್ತು ಹರ್ಟ್ಸ್‌ಗೆ ಹೋಲಿಸಿ ವೇಗ ಕಂಡುಹಿಡಿಯುವ ಕ್ರಮ ಒಂದಿದೆ, ಆದರೆ ಆ ಕಾಲದಲ್ಲಿ ನಮ್ಮ ಗ್ರಿಡ್ ಐವತ್ತಕ್ಕಿಂತ ಕೆಳಗೆ ಓಡುತ್ತಿದ್ದದ್ದೇ ಹೆಚ್ಚಾದ್ದರಿಂದ ಅದನ್ನು ನೆಚ್ಚುವಂತಿರಲಿಲ್ಲ. ಕೊನೆಗೆ ನೆರವಿಗೆ ಬಂದದ್ದು ಎರಡನೆಯ ಹಾಡಿನ ಹಿನ್ನೆಲೆಯಲ್ಲಿದ್ದ ಎಲೆಕ್ಟ್ರಾನಿಕ್ ಕೀಬೋರ್ಡ್. ಕೊಳಲು, ಮ್ಯಾಂಡೊಲಿನ್‌ಗಳನ್ನು ಹೇಗೆ ಬೇಕಾದರೂ ಶ್ರುತಿ ಮಾಡಬಹುದು. ಕೀಬೋರ್ಡಿನ ಸ್ವರ ಕಾರ್ಖಾನೆಯಲ್ಲಿ ಗೊತ್ತಾದದ್ದು, ಅದನ್ನು ಸಾಮಾನ್ಯವಾಗಿ ಯಾರೂ ಅಲುಗಿಸುವುದಿಲ್ಲ. ಅದು ಕೂಡ ಸುಮಾರು ಅರ್ಧ ಸ್ವರಸ್ಥಾನದಷ್ಟು ಮೇಲೆ ಕೇಳುತ್ತಿತ್ತು (ಬಿಳಿ, ಕರಿ ಎರಡನ್ನೂ ಎಣಿಸಿದರೆ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ ಒಂದು ಸ್ವರಸ್ಥಾನ). ಅಂದರೆ ಪ್ರತಿ ತೆಗೆಯುವಾಗಲೋ ಅದಕ್ಕೂ ಮೊದಲೋ ಟೇಪು ನೂರಕ್ಕೆ ಮೂರರಷ್ಟು ವೇಗವಾಗಿ ಓಡಿತ್ತು. ಟೇಪಿನ ವೇಗ ಅಷ್ಟು ಏರಿದರೆ ಶ್ರುತಿ ಅರ್ಧ ಸ್ವರಸ್ಥಾನ ಏರುತ್ತದೆ, ಜೊತೆಗೆ ಐದು ನಿಮಿಷದ ಹಾಡು ಒಂಬತ್ತು ಸೆಕೆಂಡು ಬೇಗ ಮುಗಿಯುತ್ತದೆ.

ಜನ ಇಷ್ಟು ವರ್ಷ ಮೆಚ್ಚಿ ಕೇಳಿದ ಆ ‘ಎಳೆಯ ಕಂಠ’ದಲ್ಲಿ ಒಂದು ಪಾಲು ಯಂತ್ರದ್ದು. ಮೂವತ್ತರ ಗಾಯಕಿ ಕೂಡ ಆ ಶ್ರುತಿಯಲ್ಲಿ, ಆ ಲಯದಲ್ಲಿ ಹಾಡಿರಲಿಲ್ಲ. ಶಿಷ್ಯ ಅನುಕರಿಸಲು ಹೊರಟಿದ್ದದ್ದು ಯಾರೂ ಹಾಡದ ಹಾಡನ್ನು. ಈ ವಿಷಯ ತಿಳಿದ ಮೇಲೆ ಗಾಯಕಿ ನಕ್ಕರು. ಅವರ ನಿಲುವು ಸಡಿಲವಾದದ್ದು ಆಗಲೇ ಎಂದು ನನ್ನ ಊಹೆ. ನಾವು ಯಾರಾದರೂ ‘ವಯಸ್ಸಾಯಿತು, ಶ್ರುತಿ ಇಳಿಸಿ’ ಎಂದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಕ್ಯಾಸೆಟ್ಟೇ ಸುಳ್ಳು ಹೇಳುತ್ತಿದೆ ಎಂದ ಮೇಲೆ ಶ್ರುತಿ ಮಾನದ ಪ್ರಶ್ನೆಯಾಗಿ ಉಳಿಯಲಿಲ್ಲ.

ಆದರೂ ಸ್ಟುಡಿಯೊದಲ್ಲಿ ಇನ್ನೊಂದು ಅಡ್ಡದಾರಿಯನ್ನು ನೋಡದೆ ಬಿಡಲಿಲ್ಲ. ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗ, ಅವರು ನಾಲ್ಕು ಮನೆಯಲ್ಲಿ ಹಾಡಲಿ, ಸಾಫ್ಟ್‌ವೇರಿನಲ್ಲಿ ಮೇಲೆತ್ತಿ ಐದಕ್ಕೆ ತರೋಣ ಎಂದ. ಎತ್ತಿಯೂ ತೋರಿಸಿದ. ಎರಡು ಸ್ವರಸ್ಥಾನ ಎತ್ತಿದಾಗ ಸ್ವರವೇನೋ ಸರಿಯಾದ ಜಾಗಕ್ಕೆ ಬಂತು, ಆದರೆ ‘ಳ’, ‘ಣ’ಗಳ ಗಡಸು ಹೋಗಿ ಗಾಯಕಿಯ ಕಂಠ ಯಾರದೋ ಮಗುವಿನ ಕಂಠದಂತಾಯಿತು. ಉಚ್ಚಾರವನ್ನೇ ಬದುಕಾಗಿಸಿಕೊಂಡವರಿಗೆ ಇದನ್ನು ಕೇಳಿಸಿದ್ದೇ ಅನುಚಿತವಾಯಿತು. ಶಿಷ್ಯ ‘ಅಮ್ಮಾ, ಇನ್ನೊಂದು ಸ್ವಲ್ಪ ಸರಿ ಮಾಡಿಸ್ತೀನಿ, ಕೇಳಿ ನೋಡಿ’ ಎಂದಾಗ ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ‘ಬೇಡ ಕಣಪ್ಪ. ನನ್ನ ಗಂಟಲು ಎಲ್ಲಿಗೆ ಹೋಗುತ್ತೋ ಅಲ್ಲೇ ಹಾಡ್ತೀನಿ. ಅಲ್ಲಿಗೆ ನಿಮ್ಮ ವಾದ್ಯಗಳನ್ನು ಕರ್ಕೊಂಡು ಬನ್ನಿ’ ಎಂದರು. ಆಮೇಲಿನ ಎಲ್ಲ ನಿರ್ಧಾರಗಳೂ ಈ ಒಂದು ಮಾತಿನಿಂದ ಹೊರಟವು.

ಅದೇ ವಾರ ಶಿಷ್ಯ ಒಂದು ಉದಾಹರಣೆಯನ್ನೂ ಹುಡುಕಿ ತಂದ. ಕೆನಡಾದ ಗಾಯಕಿ ಜೋನಿ ಮಿಚೆಲ್ 1969ರಲ್ಲಿ ಗಿಟಾರಿನೊಂದಿಗೆ ಎತ್ತರದ ಕಂಠದಲ್ಲಿ ಹಾಡಿದ್ದ ತಮ್ಮದೇ ಹಾಡೊಂದನ್ನು, 2000ದಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಬಹಳ ಇಳಿದ ಕಂಠದಲ್ಲಿ ಪೂರ್ಣ ಆರ್ಕೆಸ್ಟ್ರಾದೊಂದಿಗೆ ಮತ್ತೆ ಹಾಡಿದರು. ಎರಡನ್ನೂ ಒಂದರ ಹಿಂದೊಂದು ಕೇಳಿದ ನಮ್ಮ ಗಾಯಕಿಗೆ ಇಂಗ್ಲಿಷ್ ಸಾಹಿತ್ಯ ಪೂರ್ತಿ ದಕ್ಕದಿದ್ದರೂ, ಎರಡನೆಯದರಲ್ಲಿ ವಾದ್ಯಗಳು ಕಂಠಕ್ಕೆ ಜಾಗ ಬಿಟ್ಟು ನಿಂತಿರುವುದು ಕೂಡಲೇ ಕೇಳಿಸಿತು.

ಶ್ರುತಿ ನಾಲ್ಕು ಮನೆ ಎಂದು ಗೊತ್ತಾಯಿತು. ನೋಟ್ ಪುಸ್ತಕದ ಲೆಕ್ಕದಲ್ಲಿ ಇದು ಎರಡು ಸ್ವರಸ್ಥಾನ ಕೆಳಗೆ, ಕೇಳುಗರ ಕಿವಿಯ ಲೆಕ್ಕದಲ್ಲಿ ಎರಡೂವರೆ. ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ಇಳಿತ ವಾದ್ಯಗೋಷ್ಠಿಯನ್ನೇ ಬದಲಿಸಿತು. ಕೊಳಲಿನವರು ಬೇರೆ, ಇನ್ನೂ ಉದ್ದನೆಯ ಕೊಳಲು ತಂದರು. ಅದರಲ್ಲಿ ಹಳೆಯ ಚುರುಕಾದ ಬಿರ್ಕಾಗಳು (ವೇಗದ ಸ್ವರಗುಚ್ಛಗಳು) ಬರಲಿಲ್ಲ, ಬದಲಿಗೆ ಉಸಿರು ತುಂಬಿದ ದೀರ್ಘ ಸ್ವರಗಳು ಬಂದವು. ತಬಲಾವನ್ನು ಷಡ್ಜಕ್ಕೆ ಬದಲು ಪಂಚಮಕ್ಕೆ ಶ್ರುತಿ ಮಾಡಿಕೊಂಡರು. ಮ್ಯಾಂಡೊಲಿನ್ ಆ ಮಟ್ಟದಲ್ಲಿ ಮಂಕಾಗಿ ಕೇಳಿದ್ದರಿಂದ ಅದನ್ನು ಬಿಟ್ಟು ಏನು ಎಂಬ ಪ್ರಶ್ನೆ ಎದ್ದಿತು. ಆಗ ವೀಣೆ ಬಂತು. ಹಳೆಯ ಶ್ರುತಿಯಲ್ಲಿ ವೀಣೆಯ ತಂತಿಗಳನ್ನು ಅಷ್ಟು ಬಿಗಿಯುವುದು ಕಷ್ಟ, ಬಿಗಿದರೂ ಗಮಕಕ್ಕೆ, ಸ್ವರವನ್ನು ತೂಗಿಸಲು, ತಂತಿ ಎಳೆಯಲಾಗುವುದಿಲ್ಲ. ನಾಲ್ಕು ಮನೆಯಲ್ಲಿ ಅದು ಸಲೀಸಾಗಿ ಕೂರುತ್ತದೆ. ವೀಣೆ ಶೇಷಣ್ಣನವರು, ವೆಂಕಟಗಿರಿಯಪ್ಪನವರು, ದೊರೆಸ್ವಾಮಿ ಅಯ್ಯಂಗಾರ್ಯರು ಬಾಳಿದ ಊರಿನಲ್ಲಿ ತಯಾರಾದ ಭಾವಗೀತೆಗಳ ಆಲ್ಬಮ್ಮಿನಲ್ಲಿ, ಎಂಬತ್ತರ ದಶಕದಲ್ಲಿ ಅದು ಬಂದಾಗ, ವೀಣೆಯೇ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಆಗಲೇ.

ಲಯವನ್ನೂ ನಿಧಾನ ಮಾಡಬೇಕಾಯಿತು, ವೇಗದ ಸಂಗತಿಗಳು ಒರಟಾಗುತ್ತಿದ್ದ ಕಾರಣಕ್ಕೆ. ಅದರಿಂದ ಒಂದು ತೊಂದರೆ ಹುಟ್ಟಿತು: ನಿಧಾನವಾದಷ್ಟೂ ಸಾಲು ಉದ್ದವಾಗಿ ಉಸಿರು ಇನ್ನೂ ಬೇಗ ಮುಗಿಯುತ್ತದೆ. ಶಿಷ್ಯ ಇದಕ್ಕೆ ಮಾಡಿದ ಉಪಾಯ ಒಳ್ಳೆಯದು. ಕವಿತೆಯ ಅರ್ಥ ಒಡೆಯದ ಕಡೆ, ಕರ್ತೃಪದ ಮುಗಿದು ಕ್ರಿಯಾಪದಕ್ಕೆ ಹೋಗುವ ಮೊದಲು, ವೀಣೆಗೆ ಎರಡು ಅಕ್ಷರಕಾಲದ (ತಾಳದ ಎರಡು ಎಣಿಕೆಯಷ್ಟು ಹೊತ್ತಿನ) ಮೀಟು ಕೊಟ್ಟು, ಅಷ್ಟರಲ್ಲಿ ಉಸಿರೆಳೆದುಕೊಳ್ಳಲು ಅವಕಾಶ ಮಾಡಿದ. ಕೇಳುವವರಿಗೆ ಅದು ಅಲಂಕಾರವಾಗಿ ಕೇಳುತ್ತದೆ.

ಧಾಟಿಯನ್ನು ಮುಟ್ಟಬಾರದು ಎಂಬುದು ಗಾಯಕಿಯ ಕಟ್ಟುನಿಟ್ಟಾದ ನಿಲುವಾಗಿತ್ತು. ಕನ್ನಡ ಕೇಳುಗರು ಕವಿತೆಯನ್ನೂ ಧಾಟಿಯನ್ನೂ ಒಂದೇ ಎಂದು ಹಿಡಿದುಕೊಂಡಿರುತ್ತಾರೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡಿನ ಮಿತಿಯೊಂದಿಗೆ ಗೊತ್ತುಮಾಡಿದ ಮೇಲೂ ವಿಷಯ ಹೈಕೋರ್ಟಿನವರೆಗೆ ಹೋಯಿತು. ಹಾಗಾಗಿ ಮೇಲಿನ ಸ್ಥಾಯಿಯ ಕೆಲವು ಸಂಗತಿಗಳನ್ನು ಕೈಬಿಟ್ಟದ್ದು, ಒಂದು ಹಾಡಿನ ಕೊನೆಯ ಸಾಲನ್ನು ತಾರಸ್ಥಾಯಿಗೆ ಒಯ್ಯದೆ ಮಧ್ಯದಲ್ಲೇ ನಿಲ್ಲಿಸಿದ್ದು ಬಿಟ್ಟರೆ ಸ್ವರರಚನೆ ಮೊದಲಿನಂತೆಯೇ ಉಳಿಯಿತು.

ಅನುಕರಣೆ ಪೂರ್ತಿ ತೊಲಗಿತೆಂದು ಹೇಳಲಾರೆ. ಎರಡು ಹಾಡುಗಳಲ್ಲಿ ಶಿಷ್ಯನ ಮೊದಲ ಆಸೆ ಉಳಿದುಬಿಟ್ಟಿತು. ಒಂದರಲ್ಲಿ ಹಳೆಯ ಹುಡುಗಿಯರ ಕೋರಸ್ಸನ್ನು ಇಂದಿನ ವಿದ್ಯಾರ್ಥಿನಿಯರಿಂದ ಹಾಡಿಸಿದೆವು. ಅವರ ತಿಳಿಯಾದ ಧ್ವನಿಯ ಪಕ್ಕದಲ್ಲಿ ಗಾಯಕಿಯ ಧ್ವನಿ ಅನಗತ್ಯವಾಗಿ ಮುದಿಯಾಗಿ ಕೇಳಿತು. ಇನ್ನೊಂದರಲ್ಲಿ ನಲವತ್ತು ಸೆಕೆಂಡಿಗೂ ಮೀರಿದ ಹಳೆಯ ಪೀಠಿಕಾ ಸಂಗೀತವನ್ನು ಸ್ವರಕ್ಕೆ ಸ್ವರ ಇಟ್ಟುಕೊಂಡೆವು. ಕ್ಯಾಸೆಟ್ಟಿನ ಕಾಲದಲ್ಲಿ ಅದಕ್ಕೆ ಅರ್ಥವಿತ್ತು, ಕೇಳುವವರು ಕಾಫಿ ಲೋಟ ಹಿಡಿದು ಕೂರಲು ಅಷ್ಟು ಹೊತ್ತು ಬೇಕಿತ್ತು. ಈಗ ಸ್ಪಾಟಿಫೈನಂಥ ಕಡೆ ಹಾಡು ಮೂವತ್ತು ಸೆಕೆಂಡಾದರೂ ಓಡಿದರೆ ಮಾತ್ರ ಅದು ಕೇಳಿದ ಲೆಕ್ಕಕ್ಕೆ ಬರುತ್ತದೆ, ಅಷ್ಟರೊಳಗೆ ಕಂಠವೇ ಬಾರದಿದ್ದರೆ ಹೊಸಬರು ಮುಂದಿನದಕ್ಕೆ ಹೋಗಿಬಿಡುತ್ತಾರೆ. ಕೋರಸ್ಸಿನ ಹಾಡನ್ನು ಆಲ್ಬಮ್ಮಿನಿಂದ ಕೈಬಿಟ್ಟೆವು. ಪೀಠಿಕೆಯದು ಉಳಿಯಿತು, ನನ್ನ ದೃಷ್ಟಿಯಲ್ಲಿ ಅದು ಆಲ್ಬಮ್ಮಿನ ಅತಿ ಬಲಹೀನ ಹಾಡು.

ಹಕ್ಕಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇಂಥ ಕೆಲಸಕ್ಕೆ ಇಳಿಯುವ ಕಲಾವಿದರು ಸಾಮಾನ್ಯವಾಗಿ ಇದನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿರುತ್ತಾರೆ. ‘ನನ್ನ ಕ್ಯಾಸೆಟ್ಟು’ ಎಂದು ಗಾಯಕಿ ಹೇಳುತ್ತಿದ್ದ ಆ ಧ್ವನಿಮುದ್ರಣ ಅವರದಲ್ಲ. ಧ್ವನಿಮುದ್ರಣದ ಕೃತಿಸ್ವಾಮ್ಯ ನಿರ್ಮಾಪಕರದು, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಅದು ನಡೆಯುತ್ತದೆ. ಆದ್ದರಿಂದ ಹಳೆಯದರ ಒಂದು ತುಣುಕನ್ನೂ ಅನುಮತಿಯಿಲ್ಲದೆ ಹೊಸದರಲ್ಲಿ ಸೇರಿಸುವಂತಿರಲಿಲ್ಲ. ಅದೇ ಹಾಡನ್ನು ಹೊಸದಾಗಿ ಹಾಡುವುದಕ್ಕೆ ಕಂಪನಿಯ ಧ್ವನಿಮುದ್ರಣದ ಹಕ್ಕು ಅಡ್ಡ ಬರುವುದಿಲ್ಲ. ಬೇಕಾದದ್ದು ಕವಿತೆಯ ಮತ್ತು ರಾಗಸಂಯೋಜನೆಯ ಹಕ್ಕುದಾರರ ಒಪ್ಪಿಗೆ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಂಬ ನಿಯಮದಂತೆ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ, ಕುವೆಂಪು ಅವರವು 2054ರ ಕೊನೆಯವರೆಗೆ, ಕೆ.ಎಸ್. ನರಸಿಂಹಸ್ವಾಮಿಯವರವು 2063ರ ಕೊನೆಯವರೆಗೆ ನಡೆಯುತ್ತವೆ. ಶರೀಫರ ತತ್ವಪದಕ್ಕೆ ಯಾರನ್ನೂ ಕೇಳಬೇಕಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಕಲಮಿನಂತೆ, ಮೊದಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆದ ಹಾಡಿಗೆ ಒಪ್ಪಿಗೆ ಕಾಯದೆಯೂ ಕವರ್ ಮಾಡಲು, ಅಂದರೆ ಅದನ್ನೇ ಹೊಸದಾಗಿ ಹಾಡಿ ಮುದ್ರಿಸಲು, ದಾರಿಯಿದೆ, ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಬೇಕು. ಭಾವಗೀತೆಗೆ ಅಂಥ ಮಾರುಕಟ್ಟೆ ಇಲ್ಲ. ಹೀಗಾಗಿ ಹಳೆಯ ಕ್ರಮವನ್ನೇ ಹಿಡಿದೆವು: ಮನೆಗೆ ಹೋಗಿ, ಕೂತು, ಕೇಳಿ, ಕಾಗದದಲ್ಲಿ ಸಹಿ ಹಾಕಿಸಿಕೊಂಡದ್ದು. ಬಹುಪಾಲು ಮನೆಗಳಲ್ಲಿ ಸಂತೋಷದಿಂದ ಕೊಟ್ಟರು. ಒಬ್ಬ ಕವಿಯ ವಾರಸುದಾರರಲ್ಲಿ ಮಾತ್ರ ಒಮ್ಮತ ಬರಲಿಲ್ಲ, ಆ ಹಾಡನ್ನು ಪಕ್ಕಕ್ಕಿಟ್ಟೆವು. ಆಲ್ಬಮ್ಮಿನಲ್ಲಿ ಆರು ಹಾಡು ಉಳಿದವು.

ಬಿಡುಗಡೆ ಮಂಡ್ಯದಲ್ಲಿ ನಡೆಯಿತು, ಗಾಯಕಿಯ ತವರು ಎಂಬ ಕಾರಣಕ್ಕೆ. ಹಾಡುಗಳು ಆನ್‌ಲೈನಿನಲ್ಲಿ ಬಂದಿದ್ದರೂ ಸಭೆಗೆ ಬಂದ ಹಿರಿಯರು ಪೆನ್‌ಡ್ರೈವ್ ಇದೆಯೇ ಎಂದು ಕೇಳಿದರು, ಕಾರಿಗೆ ಹಾಕಿಕೊಳ್ಳಲು. ಪ್ರತಿಕ್ರಿಯೆ ಎರಡು ತೆರನಾಗಿತ್ತು. ಹಳೆಯ ಕ್ಯಾಸೆಟ್ಟನ್ನು ಬಾಯಿಪಾಠ ಮಾಡಿಕೊಂಡವರಲ್ಲಿ ಹಲವರಿಗೆ ಹೊಸದು ನಿಧಾನವೆನಿಸಿತು. ‘ಚೆನ್ನಾಗೈತೆ ಕಣಕ್ಕ, ಆದ್ರೆ ಎಳ್ದಂಗಾಯ್ತದೆ’ ಎಂದು ಗಾಯಕಿಯ ಊರಿನವರೇ ಒಬ್ಬರು ಎದುರಿಗೇ ಹೇಳಿದರು. ಅವರ ಕಿವಿಯಲ್ಲಿರುವುದು ವೇಗದ ಟೇಪು ಎಂದು ವಾದಿಸುವುದರಲ್ಲಿ ಅರ್ಥವಿರಲಿಲ್ಲ. ಹಳೆಯದನ್ನು ಕೇಳಿರದ ಸಂಗೀತ ವಿದ್ಯಾರ್ಥಿಗಳು ವೀಣೆ ಇರುವ ಮೂರು ಹಾಡುಗಳನ್ನು ಹಿಡಿದುಕೊಂಡರು, ಅವನ್ನು ಹಾಡಿಕೊಂಡು ಪಾಠಕ್ಕೂ ಬಂದರು. ಇಷ್ಟಾಗಿಯೂ ಕಂಪನಿಯ ಹಳೆಯ ಧ್ವನಿಮುದ್ರಣವನ್ನು ಇಂದಿಗೂ ಹೊಸದಕ್ಕಿಂತ ಹೆಚ್ಚು ಜನ ಕೇಳುತ್ತಾರೆ. ಹಣದ ಮಟ್ಟಿಗೆ ಆಲ್ಬಮ್ ಖರ್ಚನ್ನು ಮರಳಿಸಿಲ್ಲ, ಮರಳಿಸುವ ಲಕ್ಷಣವೂ ಇಲ್ಲ. ಕಾರ್ಯಕ್ರಮಗಳ ಕರೆ ಹೆಚ್ಚಿದೆ, ಮತ್ತು ಕರೆಯುವವರಿಗೆ ಯಾವ ಶ್ರುತಿಯ ಗಾಯಕಿಯನ್ನು ಕರೆಯುತ್ತಿದ್ದೇವೆಂದು ಮೊದಲೇ ಗೊತ್ತಿರುತ್ತದೆ. ವೇದಿಕೆಯ ಮೇಲೆ ಐದೂವರೆ ಮನೆಯ ನಿರೀಕ್ಷೆಯನ್ನು ಎದುರಿಸುವ ಕಷ್ಟ ತಪ್ಪಿದ್ದನ್ನು ಗಾಯಕಿ ಎಲ್ಲಕ್ಕಿಂತ ದೊಡ್ಡ ಲಾಭವೆಂದು ಎಣಿಸುತ್ತಾರೆ.

ಪಕ್ಕಕ್ಕಿಟ್ಟಿದ್ದ ಹಾಡಿಗೆ ಈಚೆಗೆ ಆ ಮನೆಯವರೆಲ್ಲರ ಒಪ್ಪಿಗೆ ಸಿಕ್ಕಿದೆ. ಅಷ್ಟರಲ್ಲಿ ಗಾಯಕಿಯ ಕಂಠ ಇನ್ನೊಂದು ಸ್ವರಸ್ಥಾನ ಇಳಿದು ಮೂರು ಮನೆಗೆ ಬಂದಿದೆ (ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿ ಮನೆಯಿಲ್ಲ). ವೀಣೆಯವರಿಗೆ ಇದರಿಂದ ತೊಂದರೆಯಿಲ್ಲ, ಕೊಳಲಿನವರು ಮತ್ತೆ ಬೇರೆ ಕೊಳಲು ಹುಡುಕುತ್ತಿದ್ದಾರೆ, ಶಿಷ್ಯ ನಾಲ್ಕು ಮನೆಗೆಂದು ಬರೆದಿಟ್ಟಿದ್ದ ವಾದ್ಯ ಸಂಯೋಜನೆಯನ್ನು ಮೊದಲಿನಿಂದ ಬರೆಯಲು ಕುಳಿತಿದ್ದಾನೆ.